ದೂರು ಜಾಸ್ತಿಯಾದರೆ ಕಾರ್ಯಕ್ರಮ ಸೋತಿತು ಅಂತಲಾ?

ಜೂನ್ 15 ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿ ದಿನ. ಅವತ್ತು ಭಾಷಣ ಆಗುತ್ತದೆ, ಕರಪತ್ರ ಹಂಚುತ್ತಾರೆ. ಅದರಿಂದ ಮನೆಯೊಳಗಿನ ಅಜ್ಜಿಗೆ ಬೀಳುವ ಪೆಟ್ಟು, ಬೈಗುಳ ಕಡಿಮೆ ಆಯಿತಾ? ಇದನ್ನು ಕೇಳುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದ ಸುಮಾರು 6 ಜನರಲ್ಲಿ ಒಬ್ಬರು ವರ್ಷದಲ್ಲಿ ಏನಾದರೊಂದು ಕಿರುಕುಳ ಅನುಭವಿಸುತ್ತಾರೆ. ಹಾಗಾಗಿ ಕೇಳಲೇಬೇಕು.

ನ್ಯೂಯಾರ್ಕಿನಲ್ಲಿ ಕೇಳಿ ನೋಡಿದ್ದರು. 2001ರಲ್ಲಿ ಅದರ ವರದಿ ಬಂತು. 60 ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಚೀಟಿ ಎತ್ತಿದ ಹಾಗೆ 30ನ್ನು ಆರಿಸಿ, ಅಲ್ಲಿ ಮಾತ್ರ ಜಾಗೃತಿ ಪ್ರಚಾರ ಮಾಡಿದರು. ಪೊಲೀಸರಿಗೆ ದೂರು ಹೋಗಿದ್ದ ಮನೆಗಳಲ್ಲೂ ಹೀಗೇ ಕೆಲವನ್ನು ಆರಿಸಿ, ಒಬ್ಬ ಪೊಲೀಸ್ ಮತ್ತು ಒಬ್ಬ ಆಪ್ತಸಲಹೆಗಾರರನ್ನು ಕಳಿಸಿದರು. ಪ್ರಚಾರ, ಭೇಟಿ ಎರಡೂ ಸಿಕ್ಕ ಮನೆಗಳಲ್ಲಿ ಕಿರುಕುಳ ಇಳಿಯಬೇಕಿತ್ತು, ಅಲ್ವಾ? ಏರಿತ್ತು. ಬರೀ ಪೊಲೀಸ್ ಕರೆಗಳು ಏರಿದ್ದರೆ, ಹಿರಿಯರಿಗೆ ಧೈರ್ಯ ಬಂದಿದೆ ಅನ್ನಬಹುದಿತ್ತು. ಆದರೆ ಸಂಶೋಧಕರು ನೇರವಾಗಿ ವಿಚಾರಿಸಿದಾಗಲೂ ಹೊಸ ಘಟನೆಗಳು ಜಾಸ್ತಿಯೇ ಕಂಡವು. ಪೊಲೀಸ್ ಬಂದು ಹೋದ ಸಿಟ್ಟು ಹಿರಿಯರ ಮೇಲೆ ತಿರುಗಿರಬಹುದು. ಮುಚ್ಚಿಟ್ಟಿದ್ದನ್ನು ಅವರು ಈಗ ಹೇಳಲು ಶುರು ಮಾಡಿರಲೂಬಹುದು. ಬರೀ ಅಂಕಿ ನೋಡಿ ಇವೆರಡನ್ನು ಬೇರೆ ಮಾಡಲಾಗದು. ಈ ಕ್ಷೇತ್ರದ ದೊಡ್ಡ ಗಂಟು ಇದೇ. ಆರೋಗ್ಯದ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಜಗತ್ತೆಲ್ಲ ಜಾಲಾಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಬರೀ 7 ಅಧ್ಯಯನ. ಅವುಗಳ ಸಾಕ್ಷ್ಯವೂ ತೀರಾ ದುರ್ಬಲ.

ನಮ್ಮ ಮಲೆನಾಡಿನಲ್ಲಿ ಅಳೆಯುವುದು ಇನ್ನೂ ಕಷ್ಟ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವೆ ಒಂಟಿ ಮನೆಗಳು. ಪಕ್ಕದ ಮನೆಗೆ ಸಂಕ ದಾಟಿ ಹೋಗಬೇಕು, ಕೂಗಿದರೆ ಕೇಳುವುದಿಲ್ಲ. ಆಶಾ ಕಾರ್ಯಕರ್ತೆ ಜಗಲಿ ಮೇಲೆ ಕೂತು "ಅಜ್ಜಿ, ಮನೇಲಿ ಚೆನ್ನಾಗಿ ನೋಡ್ಕೊಳ್ತಾರಾ?" ಅಂತ ಕೇಳಿದಳು ಅಂತಿಟ್ಟುಕೊಳ್ಳಿ. ಮಗ ಅಲ್ಲೇ ಅಡಿಕೆ ಹರಡುತ್ತಿದ್ದಾನೆ, ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ. "ನಂಗೇನು ಕಮ್ಮಿ ಇಲ್ಲ ಮಾರಾಯ್ತಿ" ಅಂತಲೇ ಉತ್ತರ ಬರುತ್ತದೆ. ವರದಿಯಲ್ಲಿ ಕಿರುಕುಳ ಸೊನ್ನೆ.

ಒಬ್ಬರೇ ಇದ್ದಾಗ, ಸಣ್ಣ ಸಣ್ಣದಾಗಿ ಕೇಳಬೇಕು. ಬಿಪಿ ಮಾತ್ರೆ ಮುಗಿದು ಎಷ್ಟು ದಿನ ಆಯ್ತು? ಸಂಧ್ಯಾ ಸುರಕ್ಷಾ ದುಡ್ಡು ಯಾರ ಕೈಲಿದೆ? ಈ ತಿಂಗಳು ಯಾರಾದರೂ ಕೈ ಮಾಡಿದ್ರಾ? ಕಾರ್ಯಕ್ರಮ ನಡೆಸಿದವರೇ ಕೇಳಿದರೆ ದಾಕ್ಷಿಣ್ಯಕ್ಕೆ ಒಳ್ಳೆಯದನ್ನೇ ಹೇಳುತ್ತಾರೆ, ಬೇರೆಯವರು ಕೇಳಬೇಕು. ಅರ್ಧ ಹಳ್ಳಿಗಳಲ್ಲಿ ಈಗ, ಉಳಿದವುಗಳಲ್ಲಿ ಮುಂದಿನ ವರ್ಷ ಕಾರ್ಯಕ್ರಮ ಮಾಡಿದರೆ ಹೋಲಿಸಿ ನೋಡಬಹುದು, ಯಾರಿಗೂ ತಪ್ಪಿಸಿದ ಹಾಗೂ ಆಗದು.

ಕೇಳುವುದಕ್ಕೂ ಮೊದಲು ಆಸರೆ ಸಿದ್ಧ ಇರಲೇಬೇಕು. 14567 ಸಹಾಯವಾಣಿ ಇದೆ. ಪಾಲಕರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಮಕ್ಕಳಿಂದ ಜೀವನಾಂಶ ಕೇಳಬಹುದು. ನನಗೆ ತಿಳಿಯಬೇಕಾದ ಲೆಕ್ಕ ಆದೇಶದ ನಂತರದ್ದು: ದುಡ್ಡು ತಿಂಗಳು ತಿಂಗಳು ಕೈಗೆ ಬಂತಾ? ಮನೆಯವರು ಮಾತು ಬಿಟ್ಟರಾ? ಒಂದು ವರ್ಷ ಬಿಟ್ಟು ಅದನ್ನೂ ಹೋಗಿ ಕೇಳಬೇಕು.