ಇನ್ನೊಂದು ಪ್ರೊಸೆಸ್ ಓಡ್ತಾ ಇದ್ಯಾ ಅಂತ ಪ್ರೋಗ್ರಾಂ ಒಳಗಿಂದ ನೋಡೋದು ಹೇಗೆ

ಕೋಡ್ ರಿವ್ಯೂನಲ್ಲಿ ಪದೇ ಪದೇ ಕಣ್ಣಿಗೆ ಬೀಳೋ ಒಂದು ಸಾಲಿದೆ, ಪ್ರೋಗ್ರಾಂ ಒಳಗಿಂದಾನೇ ಶೆಲ್ ಕರೆದು ಪಿಎಸ್ (ಓಡ್ತಿರೋ ಪ್ರೊಸೆಸ್‌ಗಳ ಪಟ್ಟಿ ಕೊಡೋ ಕಮಾಂಡ್) ಔಟ್‌ಪುಟ್‌ನ ಗ್ರೆಪ್‌ಗೆ (ಪದ ಹುಡುಕೋ ಕಮಾಂಡ್) ಕೊಟ್ಟು, ಹೆಸರು ಸಿಕ್ರೆ ಆ ಪ್ರೊಸೆಸ್ ಓಡ್ತಾ ಇದೆ ಅಂತ ತೀರ್ಮಾನ ಮಾಡೋದು. ದಯವಿಟ್ಟು ಇದನ್ನ ಬಿಟ್ಬಿಡಿ. ಗ್ರೆಪ್ ತನ್ನನ್ನೇ ತಾನು ಹುಡುಕ್ಕೊಳತ್ತೆ, ಯಾರೋ ಅದೇ ಹೆಸರಿನ ಲಾಗ್ ಫೈಲ್‌ನ ಎಡಿಟರಲ್ಲಿ ತೆಗೆದಿಟ್ಟಿದ್ರೂ ಸಿಕ್ಕಿಬಿಡತ್ತೆ. ಜೊತೆಗೆ ಲಿನಕ್ಸ್ ಕರ್ನಲ್ ಇಟ್ಕೊಳ್ಳೋ ಪ್ರೊಸೆಸ್ ಹೆಸರು 15 ಅಕ್ಷರಕ್ಕೆ ಕಟ್ ಆಗತ್ತೆ, ಹಾಗಾಗಿ ಉದ್ದ ಹೆಸರನ್ನ ಪೂರ್ತಿ ಕೊಟ್ಟು ಪಿಗ್ರೆಪ್ (ಹೆಸರಿಂದ ಪ್ರೊಸೆಸ್ ಹುಡುಕೋ ಕಮಾಂಡ್) ಮಾಡಿದ್ರೆ ಓಡ್ತಿರೋದೂ ಸಿಗಲ್ಲ.

ಪಿಐಡಿ, ಅಂದ್ರೆ ಪ್ರೊಸೆಸ್‌ಗೆ ಕರ್ನಲ್ ಕೊಡೋ ನಂಬರ್, ಗೊತ್ತಿದ್ರೆ ಕಿಲ್ ಸಿಸ್ಟಮ್ ಕಾಲ್‌ಗೆ ಸಿಗ್ನಲ್ ಜಾಗದಲ್ಲಿ 0 ಕೊಡಿ. ಏನೂ ಕಳಿಸಲ್ಲ, ಬರೀ ಆ ಪ್ರೊಸೆಸ್ ಇದ್ಯಾ, ನಿಮಗೆ ಪರ್ಮಿಷನ್ ಇದ್ಯಾ ಅಂತ ನೋಡತ್ತೆ. ಫೇಲಾದ್ರೆ ಎರ್‌ನೋ (ಯಾಕೆ ಫೇಲಾಯ್ತು ಅನ್ನೋ ಕೋಡ್) ನೋಡ್ಲೇಬೇಕು: ಇಎಸ್‌ಆರ್‌ಸಿಎಚ್ ಬಂದ್ರೆ ಪ್ರೊಸೆಸ್ ಇಲ್ಲ, ಇಪರ್ಮ್ ಬಂದ್ರೆ ಇದೆ ಆದ್ರೆ ಬೇರೆ ಯೂಸರ್‌ದು. ಈ ಎರಡನ್ನೂ ಒಂದೇ ಅಂದ್ಕೊಂಡು, ರೂಟ್ ಅಡಿ ಓಡ್ತಿರೋ ಡೀಮನ್‌ನ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಸತ್ತೋಗಿದೆ ಅಂತ ಬರೆದ ಕೋಡ್ ಎಷ್ಟೋ ಇದೆ. ಇನ್ನೊಂದು ಅಪಾಯ ಏನಂದ್ರೆ ಪಿಐಡಿ ಫೈಲ್ (ಪ್ರೋಗ್ರಾಂ ತನ್ನ ಪಿಐಡಿ ಬರೆದಿಡೋ ಫೈಲ್) ಖಾಲಿ ಇದ್ರೆ ಏಟಾಯ್ (ಅಕ್ಷರಗಳನ್ನ ನಂಬರ್ ಮಾಡೋ ಸಿ ಫಂಕ್ಷನ್) 0 ಕೊಡತ್ತೆ, ಕಿಲ್‌ಗೆ ಪಿಐಡಿ 0 ಅಂದ್ರೆ ನಿಮ್ಮದೇ ಪ್ರೊಸೆಸ್ ಗ್ರೂಪ್, ಅಂದ್ರೆ ಉತ್ತರ ಯಾವಾಗ್ಲೂ ಹೌದು. ಜಾಂಬಿ (ಮುಗಿದಿದ್ರೂ ಪೇರೆಂಟ್ ಇನ್ನೂ ವಿಚಾರಿಸದ ಪ್ರೊಸೆಸ್) ಆಗಿ ಕೂತಿರೋದಕ್ಕೂ ಹೌದು ಅಂತಾನೇ ಬರತ್ತೆ.

ಇದೆಲ್ಲಕ್ಕಿಂತ ಕೆಟ್ಟದು ಪಿಐಡಿ ಮರುಬಳಕೆ. ಲಿನಕ್ಸಲ್ಲಿ ಹಳೇ ಡೀಫಾಲ್ಟ್ ಮಿತಿ 32768, ಅದು ಮುಟ್ಟಿದ್ ಮೇಲೆ ನಂಬರ್ ಮತ್ತೆ ಕೆಳಗಿಂದ ಶುರು, ಇನ್ನು ಮಷೀನ್ ರೀಬೂಟ್ ಆಗಿ ಪಿಐಡಿ ಫೈಲ್ ಡಿಸ್ಕಲ್ಲಿ ಹಾಗೇ ಉಳಿದಿದ್ರೆ ಆ ನಂಬರಲ್ಲಿ ಈಗ ಸಂಬಂಧವೇ ಇಲ್ಲದ ಯಾವುದೋ ಸರ್ವೀಸ್ ಇರಬಹುದು, ನಿಮ್ಮ ಪ್ರೋಗ್ರಾಂ ಮಾತ್ರ ಹಳೇದು ಇನ್ನೂ ಓಡ್ತಿದೆ ಅಂತ ಶುರುವಾಗೋಕೇ ಒಪ್ಪಲ್ಲ. ಪಿಐಡಿ ಜೊತೆ ಸ್ಟಾರ್ಟ್ ಟೈಮನ್ನೂ ಬರೆದಿಟ್ಟು ಹೋಲಿಸಿ, ಪ್ರಾಕ್ (ಕರ್ನಲ್ ಪ್ರೊಸೆಸ್ ಮಾಹಿತಿ ತೋರಿಸೋ ಡೈರೆಕ್ಟರಿ) ಒಳಗೆ ಆ ಪಿಐಡಿಯ ಸ್ಟ್ಯಾಟ್ ಫೈಲಲ್ಲಿ 22ನೇ ಫೀಲ್ಡ್ ಅದು. ಅದು ಬೂಟ್ ಆದಾಗಿಂದ ಎಣಿಸೋ ಟಿಕ್, ಅದಕ್ಕೆ ಬೂಟ್ ಐಡಿನೂ (ಪ್ರತಿ ಬೂಟ್‌ಗೂ ಬದಲಾಗೋ ಗುರುತು) ಜೊತೆಗಿಡಿ. ಸ್ಪೇಸ್ ಮೇಲೆ ಸ್ಪ್ಲಿಟ್ ಮಾಡೋಕೆ ಹೋಗ್ಬೇಡಿ, ಅಲ್ಲಿ ಬ್ರ್ಯಾಕೆಟ್ ಒಳಗಿರೋ ಪ್ರೊಸೆಸ್ ಹೆಸರಲ್ಲೇ ಸ್ಪೇಸ್ ಇರಬಹುದು, ಕೊನೇ ಮುಚ್ಚೋ ಬ್ರ್ಯಾಕೆಟ್‌ನಿಂದಾಚೆ ಓದಿ.

ಆದ್ರೆ ನಾನು ಮೊದಲು ಕೇಳೋದು, ಇದು ಯಾಕೆ ಬೇಕು ನಿಮಗೆ ಅಂತ. ಬಹುಪಾಲು ಸಲ ಉತ್ತರ ಒಂದೇ, ಎರಡು ಕಾಪಿ ಒಟ್ಟಿಗೆ ಓಡಬಾರದು. ಹಾಗಿದ್ರೆ ಪ್ರೊಸೆಸ್ ಹುಡುಕೋದೇ ಬೇಡ, ಯಾಕಂದ್ರೆ ನೀವು ನೋಡಿ ಇಲ್ಲ ಅಂದ್ಕೊಂಡು ಮುಂದಿನ ಸಾಲಿಗೆ ಹೋಗೋಷ್ಟರಲ್ಲಿ ಇನ್ನೊಂದು ಶುರುವಾಗಿರಬಹುದು. ಒಂದು ಫೈಲ್ ಓಪನ್ ಮಾಡಿ ಎಫ್‌ಲಾಕ್ ಹಾಕಿ, ಕಾಯದೇ ವಾಪಸ್ ಬರೋ ಫ್ಲ್ಯಾಗ್ ಜೊತೆಗೆ. ಲಾಕ್ ಸಿಕ್ರೆ ನೀವೊಬ್ರೇ, ಸಿಗ್ಲಿಲ್ಲ ಅಂದ್ರೆ ಇನ್ನೊಬ್ರಿದಾರೆ. ಕಿಲ್ ಮೈನಸ್ 9 ಹೊಡೆದು ಬಲವಂತವಾಗಿ ಸಾಯಿಸಿದ್ರೂ ಕರ್ನಲ್ಲೇ ಲಾಕ್ ಬಿಡಿಸತ್ತೆ, ಆ ಗ್ಯಾರಂಟಿ ಪಿಐಡಿ ಫೈಲ್‌ಗೆ ಯಾವತ್ತೂ ಇಲ್ಲ. ಎರಡು ಎಚ್ಚರಿಕೆ: ಕೆಲಸ ಮುಗಿದ್ ಮೇಲೆ ಲಾಕ್ ಫೈಲ್ ಡಿಲೀಟ್ ಮಾಡ್ಬೇಡಿ, ಮಾಡಿದ್ರೆ ಇಬ್ಬರು ಬೇರೆ ಬೇರೆ ಫೈಲ್ ಮೇಲೆ ಲಾಕ್ ಹಿಡ್ಕೊಂಡು ಕೂರೋ ಸಾಧ್ಯತೆ ಇದೆ. ಹಾಗೇ ಕ್ಲೋಸ್-ಆನ್-ಎಕ್ಸೆಕ್ (ಬೇರೆ ಪ್ರೋಗ್ರಾಂ ಶುರು ಮಾಡ್ದಾಗ ಫೈಲ್ ತಾನಾಗೇ ಮುಚ್ಚೋ ಫ್ಲ್ಯಾಗ್) ಹಾಕಿ, ಇಲ್ಲಾಂದ್ರೆ ನೀವು ಶುರು ಮಾಡಿದ ಚೈಲ್ಡ್ ಪ್ರೊಸೆಸ್ ನೀವು ಹೋದ್ ಮೇಲೂ ಲಾಕ್ ಹಿಡ್ದಿರತ್ತೆ.

ನಿಮ್ಮದೇ ಚೈಲ್ಡ್ ಆದ್ರೆ ಅದು ಮುಗಿದ್ಯಾ ಅಂತ ಹೇಳೋ ವೇಟ್‌ಪಿಐಡಿ ಸಾಕು. ಬೇರೆ ಪ್ರೊಸೆಸ್ ಯಾವಾಗ ಮುಗಿಯತ್ತೆ ಅಂತ ಗೊತ್ತಾಗ್ಬೇಕಿದ್ರೆ ಲಿನಕ್ಸ್ 5.3ರಿಂದ ಪಿಐಡಿಎಫ್‌ಡಿ ಓಪನ್ ಇದೆ, ಸಿಕ್ಕ ಡಿಸ್ಕ್ರಿಪ್ಟರ್ ಅದೇ ಪ್ರೊಸೆಸ್‌ಗೆ ಅಂಟಿಕೊಂಡಿರತ್ತೆ, ನಂಬರ್ ಬೇರೆಯವರಿಗೆ ಹೋದ್ರೂ ಮೋಸ ಆಗಲ್ಲ, ಪೋಲ್ ಮಾಡ್ತಾ ಕಾಯಬಹುದು.

ವಿಂಡೋಸ್‌ನವರು ಒಂದು ಮಾತ್ರ ನೆನಪಿಡಿ, ಪೈಥಾನಲ್ಲಿ ಓಎಸ್ ಡಾಟ್ ಕಿಲ್‌ಗೆ 0 ಕೊಡೋ ಯುನಿಕ್ಸ್ ಉಪಾಯ ಅಲ್ಲಿ ನಡೆಯಲ್ಲ, ಅಲ್ಲಿ 0 ಅಂದ್ರೆ ಕಂಟ್ರೋಲ್-ಸಿ, ಇದೆಯಾ ಅಂತ ನೋಡೋಕೆ ಹೋಗಿ ಅದನ್ನೇ ನಿಲ್ಲಿಸೋಕೆ ಹೊರಟ ಹಾಗೆ. ಓಪನ್‌ಪ್ರೊಸೆಸ್‌ನಿಂದ ಹ್ಯಾಂಡಲ್ ತಗೊಂಡು ವೇಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್‌ಗೆ ಟೈಮೌಟ್ 0 ಕೊಡಿ, ಟೈಮೌಟ್ ಅಂತ ವಾಪಸ್ ಬಂದ್ರೆ ಓಡ್ತಾ ಇದೆ. ಒಂದೇ ಕಾಪಿ ಸಾಕು ಅನ್ನೋ ಕೆಲಸಕ್ಕಾದ್ರೆ ಅಲ್ಲೂ ಹುಡುಕಾಟ ಬೇಡ, ಹೆಸರಿಟ್ಟ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ರೇ ಹಿಡಿಯೋ ಲಾಕ್) ಇದೆ.