ಹೊಸ ಗಟರಲ್ಲಿ ನೀರು ನಿಲ್ತಿದೆ, ಮೇಲೆ ಸಿಮೆಂಟ್ ಸವರಿದ್ರೆ ಸಾಕಾ?

ಪ್ರಶ್ನೆ: ರಸ್ತೆ ಪಕ್ಕ ಹೊಸದಾಗಿ ಕಾಂಕ್ರೀಟ್ ಕರ್ಬ್ (ಅಂಚಿನ ಸಣ್ಣ ಕಟ್ಟೆ), ಅದರ ಬುಡದಲ್ಲಿ ನೀರು ಹರಿಯೋ ಗಟರ್ ಹಾಕಿದ್ದಾರೆ. ನೋಡೋಕೆ ನೀಟಾಗಿದೆ, ಆದ್ರೆ ಮಳೆ ನಿಂತು ಎರಡು ದಿನ ಆದ್ರೂ ಒಂದು ಕಡೆ ಮಾತ್ರ ನೀರು ಕದಲಲ್ಲ. ಆ ತಗ್ಗಿಗೆ ಸ್ವಲ್ಪ ಸಿಮೆಂಟ್ ಸವರಿ ಮಟ್ಟ ಮಾಡಿದ್ರೆ ಸರಿಹೋಗತ್ತಾ?

ಇಲ್ಲ ಸ್ವಾಮಿ, ಸರಿಹೋಗಲ್ಲ. ಎಲ್ರೂ ಮೊದ್ಲು ಕೈ ಹಾಕೋದು ಅದಕ್ಕೇನೇ, ಯಾಕಂದ್ರೆ ನೀರು ನಿಂತಿರೋ ಜಾಗ ಕಣ್ಣಿಗೆ ಕಾಣತ್ತೆ, ತಪ್ಪು ಅಲ್ಲೇ ಇದೆ ಅನ್ಸತ್ತೆ. ಆದ್ರೆ ನೀರು ನಿಲ್ಲೋದು ಮುಂದೆ ಯಾರೋ ಅಡ್ಡ ನಿಂತಿರೋದಕ್ಕೆ, ಅಂದ್ರೆ ಹರಿಯೋ ದಿಕ್ಕಲ್ಲಿ ಒಂದೆರಡು ಮೀಟರ್ ಮುಂದೆ ಗಟರ್ ಚೂರು ಎತ್ತರ ಆಗಿರತ್ತೆ. ನೀವು ತಗ್ಗು ತುಂಬಿಸಿದ್ರೆ ನೀರು ಸ್ವಲ್ಪ ಹಿಂದಕ್ಕೆ ಸರಿದು ಅಲ್ಲಿ ನಿಲ್ಲತ್ತೆ, ಅಷ್ಟೇ. ಅದೂ ಅಲ್ದೆ ತೆಳ್ಳಗೆ ಸವರಿದ ಸಿಮೆಂಟ್ ಹಳೇ ಕಾಂಕ್ರೀಟಿಗೆ ಸರಿಯಾಗಿ ಕಚ್ಚಿಕೊಳ್ಳಲ್ಲ, ಒಂದೆರಡು ಮಳೆಗಾಲ ಕಳೆಯೋದ್ರಲ್ಲಿ ಅಂಚಿಂದ ಹಪ್ಪಳದ ಥರ ಎದ್ದು ಬರತ್ತೆ.

ಎಲ್ಲಾ ಇರೋದು ವಾಟದಲ್ಲಿ, ಅಂದ್ರೆ ನೀರು ಹರಿಯೋಕೆ ಕೊಡೋ ಇಳಿಜಾರಲ್ಲಿ. ಗಟರಿಗೆ ಎರಡು ವಾಟ ಇರತ್ತೆ. ಒಂದು ಅಡ್ಡ ವಾಟ, ರಸ್ತೆ ನಡುವಿಂದ ನೀರನ್ನ ಅಂಚಿಗೆ ತರೋದು, ರಸ್ತೆಗೆ ಸಾಮಾನ್ಯವಾಗಿ ಶೇ. 2ರಷ್ಟು ಕೊಡ್ತಾರೆ, ಗಟರ್ ತಟ್ಟೆಗೆ, ಅಂದ್ರೆ ನೀರು ಹರಿಯೋ ಚಪ್ಪಟೆ ಭಾಗಕ್ಕೆ, ಅದಕ್ಕಿಂತ ಜಾಸ್ತೀನೇ ಇರತ್ತೆ, ಅದು ಕಣ್ಣಿಗೇ ಕಾಣತ್ತೆ, ಅದರಲ್ಲಿ ತಪ್ಪಾಗೋದು ಕಮ್ಮಿ. ಇನ್ನೊಂದು ಉದ್ದದ ವಾಟ, ಅಂಚಿಗೆ ಬಂದ ನೀರನ್ನ ಮುಂದಿನ ಜಾಲರಿವರೆಗೆ (ನೀರು ಚರಂಡಿಗೆ ಇಳಿಯೋ ಕಿಂಡಿ) ಒಯ್ಯೋದು, ಎಡವಟ್ಟಾಗೋದೆಲ್ಲ ಇಲ್ಲೇ. ಇದು ಶೇ. 0.5ಕ್ಕಿಂತ ಕಮ್ಮಿ ಇರಬಾರದು, ತೀರಾ ಸಮತಟ್ಟು ಜಾಗ ಅಂದ್ರೆ ಶೇ. 0.3, ಅದರ ಕೆಳಗೆ ಹೋಗೋ ಹಾಗಿಲ್ಲ ಅನ್ನೋದು ರೂಢಿಯಲ್ಲಿರೋ ಲೆಕ್ಕ. ಶೇ. 0.3 ಅಂದ್ರೆ ಎಷ್ಟು ಅಂತೀರಾ, 1 ಮೀಟರಿಗೆ 3 ಮಿಲಿಮೀಟರ್! ಸ್ಪಿರಿಟ್ ಲೆವೆಲ್ ಇಟ್ರೆ ಗುಳ್ಳೆ ನಡುಗೆರೆಯಿಂದ ಚೂರೇ ಚೂರು ಸರಿದಿರತ್ತೆ, ಮಟ್ಟ ಇದೆ ಅಂತಾನೇ ಅನ್ಕೋತೀರ. ಅಂಥಾ ಕಡೆ ಮೇಸ್ತ್ರಿ ಕೈಯಲ್ಲಿ ಕರಣೆ ಒಂದು 5 ಮಿಲಿಮೀಟರ್ ಆ ಕಡೆ ಈ ಕಡೆ ಆದ್ರೂ ನೀರು ನಿಂತೇ ಬಿಡತ್ತೆ, ಅದೇ ಶೇ. 2 ಇಳಿಜಾರಿರೋ ರಸ್ತೇಲಿ ಇಷ್ಟೇ ತಪ್ಪಾಗಿದ್ರೂ ಯಾರಿಗೂ ಗೊತ್ತೇ ಆಗ್ತಿರಲಿಲ್ಲ, ಅಲ್ಲಿ ಮೀಟರಿಗೆ 20 ಮಿಲಿಮೀಟರ್ ಇಳಿತಾ ಇರತ್ತಲ್ಲ. ಸಮತಟ್ಟು ಪಾರ್ಕಿಂಗ್ ಜಾಗಗಳಲ್ಲಿ ಈ ಕಂಪ್ಲೇಂಟ್ ಜಾಸ್ತಿ ಬರೋದು ಇದಕ್ಕೇ.

ಹಾಗಾದ್ರೆ ತಪ್ಪು ಆಗಿದ್ದು ಯಾವಾಗ? ಇದನ್ನ ಕಂಡುಹಿಡಿಯೋದು ಸುಲಭ, ಮೊದಲನೇ ಮಳೆಯಿಂದಲೇ ನಿಲ್ತಿದ್ಯಾ ಅಥವಾ ಆಮೇಲೆ ಶುರುವಾಯ್ತಾ ನೆನಪು ಮಾಡ್ಕೊಳ್ಳಿ. ಮೊದಲಿಂದಾನೇ ಅಂದ್ರೆ ಹಾಕುವಾಗ್ಲೇ ಎಡವಿದ್ದಾರೆ. ಗೂಟಗಳನ್ನ ದೂರ ದೂರ ನೆಟ್ಟು ಮಟ್ಟ ತೋರಿಸೋ ದಾರ ಕಟ್ಟಿದ್ರೆ ನಡುವೆ ದಾರ ಜೋತು ಬೀಳತ್ತೆ, ಕಾಂಕ್ರೀಟೂ ಅದರ ಹಿಂದೇನೇ ಜೋತು ಬೀಳತ್ತೆ, ಮೆಷಿನ್ನಲ್ಲಿ ಹಾಕಿದ್ರೂ ಅಷ್ಟೇ, ದಾರ ನೋಡ್ಕೊಂಡು ಓಡೋ ಮೆಷಿನ್ನು ದಾರ ಹೇಳಿದ್ದನ್ನೇ ಕೇಳತ್ತೆ. ಒಂದು ವರ್ಷ ಚೆನ್ನಾಗಿದ್ದು ಆಮೇಲೆ ಶುರುವಾದ್ರೆ ಕೆಳಗಿನ ಮಣ್ಣು ಕುಸಿದಿರೋ ಸಾಧ್ಯತೆ ಹೆಚ್ಚು, ಅದ್ರಲ್ಲೂ ಪೈಪ್ ಹಾಕೋಕೆ ಅಗೆದು ಸರಿಯಾಗಿ ಧಮ್ಮಸ್ ಮಾಡದೆ ಮುಚ್ಚಿದ ಜಾಗ ಆಗಿದ್ರೆ ಕೇಳೋದೇ ಬೇಡ. ಇಲ್ಲಾಂದ್ರೆ ಮರದ ಬೇರು ಮುಂದಿನ ತುಂಡನ್ನ ಎತ್ತಿರತ್ತೆ. ಇದ್ಯಾವುದಕ್ಕೂ ಮುಂಚೆ ಒಂದ್ಸಲ ಪೊರಕೆ ಹಿಡಿದು ಗುಡಿಸಿ ನೋಡಿ, ಎಷ್ಟೋ ಸಲ ಅಲ್ಲಿ ಅಡ್ಡ ಇರೋದು ಬರೀ ಮರಳು, ತರಗೆಲೆ.

ರಿಪೇರಿ ವಿಷಯಕ್ಕೆ ಬಂದ್ರೆ, ಮುಂದಿನ ಉಬ್ಬು ಕೆಲವೇ ಮಿಲಿಮೀಟರ್ ಅಷ್ಟೇ ಇದ್ರೆ ಅದನ್ನ ಗ್ರೈಂಡ್ ಮಾಡಿ ಇಳಿಸಿದ್ರೆ ಕೆಲಸ ಮುಗೀತು, ಮೇಲ್ಮೈ ಒರಟಾಗಿ ಕಲ್ಲು ಕಾಣತ್ತೆ, ಕಾಣಲಿ ಬಿಡಿ. ಜಾಸ್ತಿ ಇದ್ರೆ ಅಥವಾ ಕುಸಿದಿದ್ರೆ ಜಾಯಿಂಟಿಂದ ಜಾಯಿಂಟಿಗೆ ಪೂರ್ತಿ ಆಳಕ್ಕೆ ಕಟ್ ಮಾಡಿ, ಆ ತುಂಡು ತೆಗೆದು, ಕೆಳಗಿನ ಮಣ್ಣನ್ನ ಮತ್ತೆ ಗಟ್ಟಿ ಮಾಡಿ ಹೊಸದಾಗಿ ಹಾಕ್ಬೇಕು, ಖರ್ಚು ಜಾಸ್ತಿ ನಿಜ, ಆದ್ರೆ ಬೇರೆ ದಾರಿ ಇಲ್ಲ. ಸುಮಾರು 3 ಮೀಟರಿಗೊಂದು ಗೆರೆ ಹಾಕಿರ್ತಾರಲ್ಲ ಅದೇ ಜಾಯಿಂಟು. ಅದು ಅಂದಕ್ಕೆ ಅಲ್ಲ, ಕಾಂಕ್ರೀಟ್ ಒಣಗಿ ಕುಗ್ಗುವಾಗ ಎಲ್ಲೆಲ್ಲೋ ಬಿರುಕು ಬಿಡೋ ಬದ್ಲು ಆ ಗೆರೆಯೊಳಗೇ ಬಿಡ್ಲಿ ಅಂತ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕೊಯ್ದಿರ್ತಾರೆ. ಗೆರೆಯಲ್ಲಿ ಸೀಳು ಕಂಡ್ರೆ ಗಾಬರಿ ಆಗ್ಬೇಡಿ.

ಪಾರ್ಕಿಂಗ್ ಜಾಗ ಆಗಿದ್ರೆ ಇನ್ನೊಂದು ವಿಷಯ. ಅಲ್ಲಿ ಕೆಲವು ಕಡೆ ಗಟರ್ ಕರ್ಬಿನ ಕಡೆಗೆ ಇಳಿಯೋ ಬದ್ಲು ಕರ್ಬಿಂದ ಆಚೆಗೆ ಇಳಿದಿರತ್ತೆ, ಉಲ್ಟಾ ಹಾಕಿದ್ದಾರೆ ಅಂತ ಜಗಳಕ್ಕೆ ಹೋಗ್ಬೇಡಿ, ಜಾಗದ ಇಳಿಜಾರೇ ಆ ಕಡೆಗಿದ್ರೆ ಬೇಕೂಂತಾನೇ ಹಾಗೆ ಹಾಕ್ತಾರೆ, ನೀರು ಅಂಚಲ್ಲಿ ಸೇರದೆ ಜಾಗದ ಮೇಲೆ ಹಾದು ನಡುವಿನ ಜಾಲರಿಗೆ ಹೋಗತ್ತೆ.

ಇನ್ನು ಹೊಸದಾಗಿ ಹಾಕಿಸೋರಿಗೆ: ಕಾಂಕ್ರೀಟ್ ಸುರಿಯೋಕೆ ಮುಂಚೆ ಶಟರಿಂಗ್ (ಕಾಂಕ್ರೀಟ್ ಹಿಡಿಯೋ ಅಚ್ಚು) ಮೇಲೆ ಲೆವೆಲ್ ಚೆಕ್ ಮಾಡಿಸಿ, 10 ಮೀಟರಿಗೆ 5 ಸೆಂಟಿಮೀಟರ್ ಇಳಿದಿದ್ಯಾ ನೋಡಿ. ಹಾಕಿ ಗಟ್ಟಿಯಾದ್ಮೇಲೆ, ಪಕ್ಕದಲ್ಲಿ ಡಾಂಬರು ಬೀಳೋಕೆ ಮುಂಚೆ, ಮೇಲ್ಗಡೆಯಿಂದ ನಾಲ್ಕು ಬಕೆಟ್ ನೀರು ಸುರಿದು ಹಿಂದೇನೇ ನಡ್ಕೊಂಡು ಹೋಗಿ, ನೀರು ನಿಂತ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಾಂಬರು ಹಾಕುವಾಗ ಅದು ಗಟರ್ ಅಂಚಿಗಿಂತ 5-6 ಮಿಲಿಮೀಟರ್ ಮೇಲಿರಲಿ. ಕೆಳಗಾದ್ರೆ ಆ ಸಂದಿಯಲ್ಲೇ ನೀರು ಇಂಗಿ ಕೆಳಗಿನ ಜಲ್ಲಿ ಮೆತ್ತಗಾಗತ್ತೆ, ಆಮೇಲೆ ಗಟರ್ ಜೊತೆ ರಸ್ತೇನೂ ಕಿತ್ತು ಬರತ್ತೆ.