ಪದ ಪರಿಚಯ: ಕ್ರಿಟಿಕಲ್ ಕಪ್ಲಿಂಗ್

ಇದು ಆಸ್ಪತ್ರೆಯ ‘ಕ್ರಿಟಿಕಲ್’ ಅಲ್ಲ, ಚಿಪ್‌ನಲ್ಲಿ ಬೆಳಕು ಓಡಿಸುವವರ ಪದ. ಉಡುಪಿಯ ರಥಬೀದಿ ಸುತ್ತಿದವರಿಗೆ ಅರ್ಧ ಅರ್ಥವಾದ ಹಾಗೇ.

ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳನ್ನು ಬಳಸಿ ಆ ಬೀದಿ ಹೊರಟಲ್ಲಿಗೇ ಬಂದು ಸೇರುತ್ತದೆ. ಅದಕ್ಕೆ ತಾಗಿ ಒಂದು ನೇರ ರಸ್ತೆ ಇದೆ ಅಂದುಕೊಳ್ಳಿ. ರಸ್ತೆಯಲ್ಲಿ ಬಂದವರು ಒಳಗೆ ತಿರುಗಿ, ನಾಲ್ಕು ಸುತ್ತು ಹಾಕಿ ಮತ್ತೆ ರಸ್ತೆಗೆ ಬರಬಹುದು. ಇಲ್ಲವೇ ಗೋಳಿಬಜೆ ಪರಿಮಳಕ್ಕೆ ಹೋಟೆಲಿಗೆ ನುಗ್ಗಿ ಅಲ್ಲೇ ಉಳಿಯಬಹುದು.

ಸಿಲಿಕಾನ್ ಚಿಪ್‌ನಲ್ಲಿ ಆ ನೇರ ರಸ್ತೆಯೇ ವೇವ್‌ಗೈಡ್, ಅಂದರೆ ಬೆಳಕು ಸಾಗುವ ದಾರಿ. ಸುಮಾರು 450 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ಎತ್ತರದ ಪಟ್ಟಿ. ರಥಬೀದಿಯೇ ಕ್ಯಾವಿಟಿ, ಅಂದರೆ ಬೆಳಕನ್ನು ಹಿಡಿದಿಡುವ ಜಾಗ; ಇಲ್ಲಿ ಒಂದು ಉಂಗುರ. ಬೆಳಕು ಅದರಲ್ಲಿ ರಥದ ಹಾಗೆ ಒಂದೇ ದಿಕ್ಕಿಗೆ ಸುತ್ತುತ್ತದೆ. ಎರಡೂ ಮುಟ್ಟುವುದಿಲ್ಲ, ನಡುವೆ ಸಣ್ಣ ಸಂದಿ. ಬೆಳಕು ಅದನ್ನು ದಾಟಿ ಹೋಗಿಬರುವ ವೇಗಕ್ಕೆ ಕಪ್ಲಿಂಗ್ ಎನ್ನುತ್ತಾರೆ. ಒರಟು ಗೋಡೆಗೆ ಬಡಿದು ಚದುರಿ ಹೋಗುವುದು ನಷ್ಟ, ನಮ್ಮ ಗೋಳಿಬಜೆ.

ಇಲ್ಲಿ ಹೋಲಿಕೆ ಕೈಕೊಡುತ್ತದೆ. ಮನುಷ್ಯ ಒಂದೋ ನೇರ ಹೋಗುತ್ತಾನೆ, ಇಲ್ಲ ಒಳಗೆ ತಿರುಗುತ್ತಾನೆ. ಫೋಟಾನ್, ಅಂದರೆ ಬೆಳಕಿನ ಕಣ, ಒಂದೇ ಒಂದಿದ್ದರೂ ಅದರ ಅಲೆ ಎರಡೂ ದಾರಿ ಹಿಡಿಯುತ್ತದೆ. ಉಂಗುರದ ಸುತ್ತಳತೆಯಲ್ಲಿ ಪೂರ್ತಿ ಅಲೆಗಳು ಲೆಕ್ಕಕ್ಕೆ ಸರಿಯಾಗಿ ಕೂತಾಗ, ಸುತ್ತಿ ಬಂದ ಅಲೆ ನೇರ ಬಂದ ಅಲೆಗೆ ಸರೀ ಉಲ್ಟಾ ಆಗಿರುತ್ತದೆ.

ನಷ್ಟವೇ ಇಲ್ಲದಿದ್ದರೆ ಸುತ್ತಿ ಬಂದ ಅಲೆ ಎರಡು ಪಟ್ಟು ಜೋರು; ನೇರ ಬಂದದ್ದನ್ನು ಅಳಿಸಿದ ಮೇಲೂ ಅಷ್ಟೇ ಅಲೆ ತಲೆಕೆಳಗಾಗಿ ಉಳಿಯುತ್ತದೆ. ಹಾಗಾಗಿ ಫೋಟಾನ್ ದಾಟಿಯೇ ದಾಟುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ನಷ್ಟವೂ ಕಪ್ಲಿಂಗೂ ಸಮವಾದರೆ ಎರಡು ಅಲೆಗಳೂ ಸಮ, ಒಂದನ್ನೊಂದು ಅಳಿಸಿಹಾಕುತ್ತವೆ. ಆಚೆ ತುದಿಗೆ ಒಂದು ಫೋಟಾನೂ ಬರುವುದಿಲ್ಲ. ಎಲ್ಲ ಉಂಗುರದಲ್ಲೇ ಖರ್ಚು! ಇದೇ ಕ್ರಿಟಿಕಲ್ ಕಪ್ಲಿಂಗ್.

ನಷ್ಟ ಇನ್ನೂ ಜಾಸ್ತಿಯಾದರೆ ಇನ್ನೂ ಹಾಳು ಅಂತ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ಸೋರುವ ಉಂಗುರದಲ್ಲಿ ಅಲೆ ಬೆಳೆಯುವುದೇ ಇಲ್ಲ. ನೇರ ಬಂದ ಅಲೆಯನ್ನು ಅಳಿಸಲು ಅದಕ್ಕೆ ತ್ರಾಣ ಇರುವುದಿಲ್ಲ. ನಷ್ಟ ಕಪ್ಲಿಂಗಿನ 3 ಪಟ್ಟಾದರೆ 100ಕ್ಕೆ 25 ಫೋಟಾನ್ ದಾಟುತ್ತವೆ, 9 ಪಟ್ಟಾದರೆ 64.

ತಮಾಷೆ ಎಂದರೆ, ನಷ್ಟ ಕಪ್ಲಿಂಗಿನ 9ರಲ್ಲಿ ಒಂದು ಪಾಲಾದರೂ ದಾಟುವುದು ಅದೇ 64. ಸುಮ್ನೆ ಫೋಟಾನ್ ಎಣಿಸಿದರೆ ಉಂಗುರ ಒಳ್ಳೆಯದೋ ಸೋರುವುದೋ ಗೊತ್ತಾಗುವುದಿಲ್ಲ. ಅಲೆ ತಲೆಕೆಳಗಾಗಿ ಬಂತಾ ಎಂದು ಅಳೆಯಬೇಕು. ತಲೆಕೆಳಗಾಗಿದ್ದರೆ ಕಪ್ಲಿಂಗ್ ಜಾಸ್ತಿ, ಇಲ್ಲದಿದ್ದರೆ ನಷ್ಟ ಜಾಸ್ತಿ.